ದಿನಕ್ಕೊಂದು ಹೊಕ್ಕು

ಕೋಕ್‌ಜಾರ್
ಏಪ್ರಿಲ್ 2, 2004

ಮಗಳೇ ಬೆಗಿಮಾಯ್,

ಮಿನಿಬಸ್ಸಿನ ಸಾಗಿನ್ ನಾಳೆ ಬೆಳಿಗ್ಗೆ ಬಿಷ್ಕೆಕ್‌ಗೆ ಹೊರಡುತ್ತಾನೆ. "ಟೀಚರಮ್ಮ, ಪತ್ರ ಮಾತ್ರ ಕೊಡಿ, ಹುರಿಹಿಟ್ಟಿನ ಡಬ್ಬ ಕೊಡ್ಬೇಡಿ, ದಾರೀಲಿ ನಾನೇ ತಿಂದ್ಬಿಡ್ತೀನಿ," ಅಂದ. ಅದಕ್ಕೇ ಎರಡು ಡಬ್ಬ ಕಟ್ಟಿದ್ದೇನೆ. ಒಂದು ಅವನಿಗೆ.

ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ದಿನ. ನಾನು ಐದನೇ ದಿನಕ್ಕೇ ನಿನ್ನನ್ನು ಬಿಟ್ಟು ಬಂದೆ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಲು ಬೇರೆ ಯಾರೂ ಇಲ್ಲ ಎಂಬುದು ನಿಜ, ಮಗು ತುಮಾರಳನ್ನು ಅಕ್ಕಪಕ್ಕದವರ ಮನೆಯಲ್ಲಿ ಎಷ್ಟು ದಿನ ಬಿಡುವುದು ಎಂಬುದೂ ನಿಜ. ಆದರೆ ಅಷ್ಟೇ ಕಾರಣವೇ ಎಂದು ಆರು ಗಂಟೆಯ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ. ನಿನ್ನ ಹಾಸಿಗೆಯ ಪಕ್ಕ ಕೂತಾಗಲೆಲ್ಲ ಹೊದಿಕೆಯಿಂದ ಹೊರಗಿದ್ದ ನಿನ್ನ ಎಡಪಾದ ಕಣ್ಣಿಗೆ ಬೀಳುತ್ತಿತ್ತು. ಅದನ್ನು ನೋಡಲಾರದೆ ಎದ್ದು ಬಂದೆನೇನೋ.

ನಿನ್ನ ಮಗಳ ಪ್ರಶ್ನೆಗಳು ನಿಂತಿಲ್ಲ. "ಅಮ್ಮನ ಬೆನ್ನಲ್ಲಿ ಕಬ್ಬಿಣ ಹಾಕಿದಾರಂತಲ್ಲ ಅಜ್ಜಿ, ಮಳೆ ಬಂದ್ರೆ ತುಕ್ಕು ಹಿಡಿಯಲ್ವಾ?" ಎಂದು ಕೇಳಿದಳು. ಬೆನ್ನುಮೂಳೆಯ ಕೆಳಭಾಗದ ಒಂದು ಮಣಿ ತನ್ನ ಜಾಗದಿಂದ ಮುಂದಕ್ಕೆ ಜಾರಿತ್ತು, ಅದನ್ನು ಕೆಳಗಿನ ಮಣಿಗೆ ಸೇರಿಸಿ ನಾಲ್ಕು ಸ್ಕ್ರೂ, ಎರಡು ಸರಳು ಹಾಕಿದ್ದಾರೆ ಅಂದೆ. ಅರ್ಥವಾಗಲಿಲ್ಲ. ಆಮೇಲೆ, ಗುಡಾರ ಎತ್ತುವಾಗ ಅದರ ನೆತ್ತಿಯ ಮರದ ಚಕ್ರವನ್ನು ಅಪ್ಪ ಒಂದು ಗಳುವಿನಿಂದ ಎತ್ತಿ ಹಿಡಿದು ನಿಲ್ಲುತ್ತಾನಲ್ಲ, ಸುತ್ತಲಿನ ಕೋಲುಗಳೆಲ್ಲ ಸೇರುವವರೆಗೆ; ಆ ಗಳು ಇದ್ದ ಹಾಗೆ ಈ ಕಬ್ಬಿಣ ಅಂದೆ. ಕೊನೆಗೆ ಭಾರ ಹೊರುವುದು ಕಬ್ಬಿಣವಲ್ಲ. ಸೊಂಟದಿಂದ ತೆಗೆದು ನಡುವೆ ತುಂಬಿದ ಮೂಳೆಯ ಚೂರುಗಳು ಬೆಳೆದು ಎರಡು ಮಣಿಗಳು ಒಂದೇ ಆಗಬೇಕು. ಅಲ್ಲಿಯವರೆಗೆ ಯಾರಾದರೂ ಹಿಡಿದಿರಬೇಕು. ಅವಳು ಬಿಡಲಿಲ್ಲ. "ಆಮೇಲೆ ಅಪ್ಪ ಗಳು ತೆಗೀತಾರಲ್ಲ?" "ಇದನ್ನ ತೆಗೆಯಲ್ಲ." "ಹಾಗಾದ್ರೆ ಅದು ಗಳು ಅಲ್ಲ ಅಜ್ಜಿ," ಅಂದಳು.

ಆಪರೇಷನ್ನಿಗೆ ಎರಡು ದಿನ ಮುಂಚೆ ಡಾಕ್ಟರು ಕೇಳಿದರಲ್ಲ, "ಪಾದ ಮೇಲೆತ್ತೋಕೆ ಆಗದೆ ಎಷ್ಟು ದಿನ ಆಯ್ತು?" ಅಂತ. ನೀನು ಬಾಯಿ ತೆರೆಯುವ ಮೊದಲೇ ನಾನು "ಎರಡು ವಾರ, ಹಾಲಿನ ಬಕೆಟ್ ಹಿಡ್ಕೊಂಡು ಬಿದ್ದಳಲ್ಲ, ಆವತ್ತಿಂದ" ಅಂದೆ. ಅವರು ಬರೆದುಕೊಂಡರು. ನೀನು ಗೋಡೆಯ ಕಡೆಗೆ ಮುಖ ತಿರುಗಿಸಿದೆ. ಬೇರೆಯವರೆದುರು ಸೊಸೆ ಅತ್ತೆಯ ಮಾತು ಕಡಿಯಬಾರದು ಎಂದು ನಿನಗೆ ಕಲಿಸಿದವಳು ನಾನೇ. ಎರಡು ವಾರವಲ್ಲ, ಐದು ತಿಂಗಳು ಎಂಬುದು ನಮ್ಮಿಬ್ಬರಿಗೂ ಗೊತ್ತು.

ಇದರ ಬಗ್ಗೆ ಬರೆಯಬೇಕೆಂದೇ ಪೆನ್ನು ಹಿಡಿದಿದ್ದೆ. ಇವತ್ತು ಆಗುತ್ತಿಲ್ಲ.

ಎರ್ಮೆಕ್ ಕುದುರೆಗಳ ಜೊತೆ ಬೆಟ್ಟದ ಮೇಲೆಯೇ ಇದ್ದಾನೆ. ಹೆಂಡತಿ ಹೇಗಿದ್ದಾಳೆ ಎಂದು ಕೇಳಿ ಕಳಿಸಿದ್ದ.

ನಿನ್ನ ಅತ್ತೆ
ಶಾರ್‌ಕಾನ್


ಬಿಷ್ಕೆಕ್
ಏಪ್ರಿಲ್ 19

ಅತ್ತೆಯವರಿಗೆ ಬೆಗಿಮಾಯ್ ಮಾಡುವ ಸಲಾಮ್. ತುಮಾರಳ ಎರಡೂ ಕೆನ್ನೆಗೆ ಮುತ್ತು.

ಹುರಿಹಿಟ್ಟು ತಲುಪಿತು, ಒಂದೇ ಡಬ್ಬ. ಎರಡನೆಯದರ ಬಗ್ಗೆ ಸಾಗಿನ್ ಅಣ್ಣ ಏನೂ ಹೇಳಲಿಲ್ಲ, ಗಡ್ಡದ ಮೇಲೆ ಹಿಟ್ಟಿತ್ತು.

ನಾಳೆ ಆಸ್ಪತ್ರೆಯಿಂದ ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಇಲ್ಲಿ ಮೊದಲು ಕಲಿಸಿದ್ದು ಹಾಸಿಗೆಯಿಂದ ಏಳುವುದನ್ನು. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗಬೇಕು, ಮರದ ದಿಮ್ಮಿ ಉರುಳಿದ ಹಾಗೆ. ಆಮೇಲೆ ಕಾಲುಗಳನ್ನು ಕೆಳಗೆ ಬಿಟ್ಟು ಮೊಣಕೈ ಊರಿ ಏಳಬೇಕು. ಒಂದು ದಿನ ಮರೆತು ಪಕ್ಕದ ಲೋಟಕ್ಕೆ ಕೈ ಚಾಚಿದೆ. "ಏ ಹುಡುಗಿ, ತಿರುಚ್ಬೇಡ, ಬಟ್ಟೆ ಹಿಂಡ್ತಿದೀಯಾ?" ಎಂದು ನರ್ಸ್ ಬೈದಳು. ಬಗ್ಗಬಾರದು, ತಿರುಚಬಾರದು, ತುಂಬಿದ ಒಂದು ಕೆಟ್ಲಿಗಿಂತ ಹೆಚ್ಚು ಎತ್ತಬಾರದು. ಗಟ್ಟಿ ಬೆಲ್ಟು ಕಟ್ಟಿಕೊಂಡು ದಿನಕ್ಕೆ ನಾಲ್ಕು ಸಲ ಕಾರಿಡಾರಿನ ತುದಿಗೆ ಹೋಗಿ ಬರುತ್ತೇನೆ. ಮೂಳೆ ಗಟ್ಟಿಯಾಗಲು ಆರು ತಿಂಗಳು, ಕೆಲವರಿಗೆ ವರ್ಷ. ಕಾಲಿನುದ್ದಕ್ಕೆ ಹರಿಯುತ್ತಿದ್ದ ಬೆಂಕಿಯಂಥ ನೋವು ಇಲ್ಲ. ಗಾಯದ ನೋವೇ ಬೇರೆ, ಅದು ಒಂದೇ ಕಡೆ ಕೂತಿರುತ್ತದೆ.

ಪಕ್ಕದ ಹಾಸಿಗೆಯಲ್ಲಿ ಕ್ಲಾವ್ದಿಯಾ ಎಂಬ ರಷ್ಯನ್ ಅಜ್ಜಿ ಇದ್ದಾರೆ. ಅವರಿಗೂ ಇದೇ ಆಪರೇಷನ್. "ಮೂವತ್ತು ವರ್ಷ ಟ್ರಾಲಿಬಸ್ ಓಡಿಸ್ದೆ ಕಣೇ, ಒಂದು ದಿನ ಇಷ್ಟು ನೆಟ್ಟಗೆ ಕೂತಿರ್ಲಿಲ್ಲ. ಈಗ ಸಾಯೋ ಕಾಲಕ್ಕೆ ರಾಣಿ ಥರ ಕೂರಿಸಿದಾರೆ," ಎನ್ನುತ್ತಾರೆ. ನಗಬಾರದು, ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಇಬ್ಬರೂ ಮುಖ ಗಟ್ಟಿ ಮಾಡಿಕೊಂಡು ಮಲಗಿರುತ್ತೇವೆ.

ಪಾದದ ಬಗ್ಗೆ ನೀವು ಯೋಚಿಸುತ್ತಿರುತ್ತೀರಿ ಎಂದು ಗೊತ್ತು. ಡಾಕ್ಟರು ಹೇಳಿದರು: ಮಣಿಗಳ ನಡುವೆ ಸಿಕ್ಕಿ ನಲುಗಿದ ನರ ಈಗ ಬಿಡುಗಡೆಯಾಗಿದೆ. ಅದು ಮತ್ತೆ ಬೆಳೆಯುತ್ತದೆ, ದಿನಕ್ಕೆ ಒಂದು ಮಿಲಿಮೀಟರ್. ಸೊಂಟದಿಂದ ನಡೆದುಕೊಂಡು ಪಾದಕ್ಕೆ ಬಂದು ತಲುಪಬೇಕು. ತಾಳ್ಮೆ ಬೇಕು, ಆದರೆ ಪಾದ ಎಚ್ಚರವಾಗುತ್ತದೆ.

ಹಾಗಾಗಿ ಚಿಂತೆ ಮಾಡಬೇಡಿ. ತುಮಾರಳಿಗೆ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ ಎಂದು ಹೇಳಿ.

ನಿಮ್ಮ ಸೊಸೆ
ಬೆಗಿಮಾಯ್


ಕೋಕ್‌ಜಾರ್
ಮೇ 6

ಮಗಳೇ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ದಿನಕ್ಕೆ ಒಂದು ಮಿಲಿಮೀಟರ್ ಎಂಬುದು ನನ್ನ ಪಾಠಪುಸ್ತಕದಲ್ಲೂ ಇದೆ. ಎಷ್ಟೋ ವರ್ಷ ಅದನ್ನು ಮಕ್ಕಳಿಗೆ ಬರೆಸಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ. ಯಾರ ಕಾಲು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನಿನ್ನ ಮದುವೆಗೆ ಲಂಗ ಹೊಲಿಸಲು ತೆಗೆದ ಅಳತೆ ಇನ್ನೂ ನನ್ನ ಹತ್ತಿರ ಇತ್ತು. ಸೊಂಟದಿಂದ ಹಿಮ್ಮಡಿಗೆ ತೊಂಬತ್ತಾರು ಸೆಂಟಿಮೀಟರ್. ಅಂದರೆ ಒಂಬೈನೂರ ಅರವತ್ತು ದಿನ. ಎರಡು ವರ್ಷ ಏಳೂವರೆ ತಿಂಗಳು.

ಏಪ್ರಿಲ್ ಇಪ್ಪತ್ತಮೂರರಂದು ಅಂಗಳದಲ್ಲಿ ಗೂಟ ಹೊಡೆದು ಮಗ್ಗ ಹೂಡಿದೆ. ಗುಡಾರಕ್ಕೆ ಸುತ್ತುವ ಪಟ್ಟಿಯ ಹಾಸು, ನಾಲ್ಕು ಬೆರಳಗಲ. ಸಣ್ಣ ನೂಲು ಹಾಕಿ ಬಿಗಿಯಾಗಿ ಬಡಿದರೆ ಒಂದು ಹೊಕ್ಕು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಆಗುತ್ತದೆ. ದಿನಕ್ಕೊಂದೇ ಹೊಕ್ಕು ಹೊಡೆಯುತ್ತೇನೆ. ಬೆಳಿಗ್ಗೆ ಹಸು ಕರೆದು ಬಂದು ಕೂರುತ್ತೇನೆ, ಒಂದು ಸಲ ನೂಲು ತೂರಿಸುತ್ತೇನೆ, ಒಂದು ಸಲ ಬಡಿಯುತ್ತೇನೆ, ಏಳುತ್ತೇನೆ. ಇವತ್ತಿಗೆ ಹದಿನಾಲ್ಕು. ಕಣ್ಣಿಗೆ ಕಾಣುವಷ್ಟೂ ಇಲ್ಲ.

ಪಕ್ಕದ ಮನೆಯ ಜೂರಾಕಾನ್ ಬೇಲಿಯಾಚೆಯಿಂದ ದಿನಾ ನೋಡುತ್ತಾಳೆ. ನೀನು ಅವಳ ಬಾಯಿ ಬಲ್ಲೆ. "ಏನಮ್ಮ ಶಾರ್‌ಕಾನ್, ಮಗ್ಗ ಹೂಡಿದೀಯೋ, ಅಂಗಳ ಒಣಗಿಸ್ತಿದೀಯೋ?" ಅಂದಳು. "ಪಟ್ಟಿ ನೇಯ್ತಿದೀನಿ." "ನೇಯಿ ನೇಯಿ. ಮುಗಿಯೋ ಹೊತ್ತಿಗೆ ನನ್ನ ಹೆಣ ಇಳಿಸೋಕೆ ಹಗ್ಗ ಆಯ್ತದೆ." ನಾನು ನೂಲು ಸುತ್ತಿಟ್ಟು ಎದ್ದೆ. ಹೇಳಲು ಹೊರಟರೆ ಅಕ್ಟೋಬರಿನಿಂದ ಶುರು ಮಾಡಬೇಕಾಗುತ್ತದೆ.

ತುಮಾರ್ ಕಾಲು ಚಾಚಿ ಗೋಡೆಗೊರಗಿ ಕೂತು, "ನೋಡು ಅಜ್ಜಿ, ನಾನು ಅಮ್ಮನ ಹಾಗೆ ಬಗ್ಗಲ್ಲ," ಎಂದು ಇಡೀ ಸಂಜೆ ನೆಟ್ಟಗಿದ್ದಳು. ಊಟಕ್ಕೆ ಕರೆದಾಗ ಮರೆತು ಓಡಿದಳು.

ನಿನ್ನ ಪಾದ ಎಚ್ಚರವಾಗುತ್ತದೆ ಎಂದು ಡಾಕ್ಟರು ಹೇಳಿದರಲ್ಲ. ಅವರು ಯಾವ ಲೆಕ್ಕದ ಮೇಲೆ ಹೇಳಿದರು ಎಂದು ಕೇಳಲು ನನಗೆ ಧೈರ್ಯವಿಲ್ಲ.

ನಿನ್ನ ಅತ್ತೆ
ಶಾರ್‌ಕಾನ್


ಬಿಷ್ಕೆಕ್
ಜೂನ್ 11

ಅತ್ತೆಯವರಿಗೆ ಸಲಾಮ್.

ತಡವಾಯಿತು. ಬರೆಯಲು ಕೂರಬೇಕು, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದು. ಇದನ್ನು ದೊಡ್ಡಮ್ಮನ ಫ್ರಿಜ್ಜಿನ ಮೇಲೆ ಕಾಗದ ಇಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ.

ಮೂರನೇ ತಿಂಗಳ ಎಕ್ಸ್‌ರೇ ತೆಗೆದರು. ಸ್ಕ್ರೂಗಳು ತಮ್ಮ ಜಾಗದಲ್ಲಿವೆ, ನಡುವೆ ಮೋಡದ ಹಾಗೆ ಬೆಳ್ಳಗೆ ಏನೋ ಕಾಣುತ್ತದೆ. ಅದೇ ಹೊಸ ಮೂಳೆಯಂತೆ. ವಿಚಿತ್ರವೆಂದರೆ ಬೆನ್ನಿಗಿಂತ ಮೂಳೆ ಕೆತ್ತಿ ತೆಗೆದ ಸೊಂಟವೇ ಹೆಚ್ಚು ನೋಯುತ್ತದೆ. ಕೊಟ್ಟ ಕಡೆ ನೋವು ಜಾಸ್ತಿ ಎಂದು ಡಾಕ್ಟರು ನಕ್ಕರು.

ನಾನು ಮಾಡಲಾರದ ಕೆಲಸಗಳು ಯಾವುವು ಎಂದು ಇಲ್ಲಿ ಬಂದ ಮೇಲೆ ಗೊತ್ತಾಯಿತು. ಕಾಲುಚೀಲ ಹಾಕಿಕೊಳ್ಳಲಾರೆ. ಮೊನ್ನೆ ಚಮಚ ಕೆಳಗೆ ಬಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅದನ್ನು ನೋಡುತ್ತ ನಿಂತೆ. ಬೆನ್ನು ನೆಟ್ಟಗಿಟ್ಟು ಮಂಡಿ ಮಡಿಸಿ ಕೂತು ತೆಗೆಯಬಹುದು ಎಂದು ಕಲಿಸಿದ್ದಾರೆ, ಆದರೆ ಎಡಪಾದ ಆ ಹೊತ್ತಿಗೆ ಸಹಾಯಕ್ಕೆ ಬರುವುದಿಲ್ಲ. ದೊಡ್ಡಮ್ಮ ಬಂದಾಗ ಚಮಚ ಅಲ್ಲೇ ಇತ್ತು, ನಾನೂ ಅಲ್ಲೇ ಇದ್ದೆ. "ಒಂದು ಚಮಚಕ್ಕೆ ಅಳ್ತಾರೇನೇ? ನಮ್ಮನೇಲಿ ಹನ್ನೆರಡಿವೆ," ಅಂದರು. ಅಳುತ್ತಿದ್ದೇನೆ ಎಂದು ನನಗೆ ಆಗಲೇ ತಿಳಿದದ್ದು.

ಪಾದ ಜೋತು ಬೀಳದಿರಲಿ ಎಂದು ಪ್ಲಾಸ್ಟಿಕ್ಕಿನ ಅಚ್ಚು ಕೊಟ್ಟಿದ್ದಾರೆ. ಶೂ ಒಳಗೆ ಹಾಕಬೇಕು. ಹಿಮ್ಮಡಿ ಉಜ್ಜಿ ಗಾಯವಾಗುತ್ತದೆ, ಆ ಗಾಯ ನನಗೆ ತಿಳಿಯುವುದಿಲ್ಲ, ಕಾಲುಚೀಲದ ಕಲೆ ನೋಡಿ ತಿಳಿಯಬೇಕು. ಕ್ಲಾವ್ದಿಯಾ ಅಜ್ಜಿ ಅಚ್ಚು ಎಸೆದು, ಶೂ ದಾರದಿಂದ ಮಂಡಿಯ ಕೆಳಗಿನವರೆಗೆ ಒಂದು ಬಟ್ಟೆಪಟ್ಟಿ ಎಳೆದು ಕಟ್ಟಿಕೊಂಡಿದ್ದಾರೆ. ಬೆರಳು ತಾನೇ ಮೇಲೆದ್ದಿರುತ್ತದೆ. "ಟ್ರಾಲಿಬಸ್ಸಿಗೂ ಹೀಗೇ, ಮೇಲಿನ ಕರೆಂಟ್ ತಂತಿ ಹಿಡ್ಕೊಂಡಿದ್ರೇನೇ ಓಡೋದು," ಎನ್ನುತ್ತಾರೆ.

ನೆನಪಾಯಿತು: ಹೋದ ವಾರ ಹೆಬ್ಬೆರಳು ಅಲ್ಲಾಡಿತು. ಸ್ವಲ್ಪವೇ. ಮತ್ತೆ ಎರಡು ದಿನ ಬಿಟ್ಟು ಇನ್ನೊಂದು ಸಲ. ನಿಮಗೆ ಸಂತೋಷವಾಗುತ್ತದೆ ಎಂದು ಬರೆದೆ.

ತುಮಾರಳ ಒಂದು ಫೋಟೋ ಕಳಿಸಿ. ಅವಳ ಹಲ್ಲು ಬಿದ್ದಿದೆಯಂತೆ, ಸಾಗಿನ್ ಅಣ್ಣ ಹೇಳಿದರು.

ನಿಮ್ಮ ಸೊಸೆ
ಬೆಗಿಮಾಯ್


ಮೇಲಿನ ಹುಲ್ಲುಗಾವಲು
ಜುಲೈ 3

ಮಗಳೇ ಬೆಗಿಮಾಯ್,

ಶಾಲೆ ಮುಗಿದು ಮೇಲೆ ಬಂದು ಮೂರು ವಾರವಾಯಿತು. ಮಗ್ಗವನ್ನೂ ಸುರುಳಿ ಸುತ್ತಿ ಕುದುರೆಯ ಮೇಲೆ ಹೇರಿ ತಂದೆ. ದಾರಿಯಲ್ಲಿ ತಂಗಿದಾಗಲೂ ಆ ದಿನದ ಹೊಕ್ಕು ತಪ್ಪಿಸಲಿಲ್ಲ. ಎರ್ಮೆಕ್ ಗೂಟ ಹೊಡೆದುಕೊಟ್ಟ, ಏಕೆ ಎಂದು ಕೇಳಲಿಲ್ಲ. ಇವತ್ತಿಗೆ ಎಪ್ಪತ್ತೆರಡು.

ಹೆಬ್ಬೆರಳು ಅಲ್ಲಾಡಿತು ಎಂದು ನೀನು ಬರೆದಿದ್ದೆ. ಓದಿ ನಾನು ಗುಡಾರದ ಹಿಂದೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕಲ್ಲ, ಭಯಕ್ಕೆ. ಅದು ನಿಜವಿರಲಾರದು ಎಂದು ನನ್ನೊಳಗಿನ ಟೀಚರಿಗೆ ಗೊತ್ತಿತ್ತು. ಡಾಕ್ಟರು ಎರಡು ವಾರ ಎಂಬ ಲೆಕ್ಕದ ಮೇಲೆ ಭರವಸೆ ಕೊಟ್ಟಿದ್ದಾರೆ, ಆ ಭರವಸೆಯನ್ನು ನಂಬಿ ನಂಬಿ ನಿನಗೆ ಬೆರಳು ಅಲ್ಲಾಡಿದಂತೆ ಕಾಣುತ್ತಿದೆ.

ನಿನ್ನೆ ಮೂಳೆ ಕಟ್ಟುವ ಮಂಬೆತ್ ಮುದುಕ ಕುದುರೆ ಹಾಲು ಕುಡಿಯಲು ಬಂದಿದ್ದ. ಬಟ್ಟಲು ಕೊಟ್ಟೆ. ನಿನ್ನನ್ನು ವಿಚಾರಿಸಿದ. ಪಾದ ಹೋಯಿತು ಅಂದೆ. "ಆದ್ರೆ ನೋವು ಹೋಯ್ತಲ್ಲಮ್ಮ? ನೋವು ಹೋಗಿತ್ತು ತಾನೆ?" ಎಂದು ಕೇಳಿದ. ಹೌದು ಅಂದೆ. "ಮತ್ತೆ? ನನ್ನ ಹತ್ರ ನೋವು ಅಂತ ಬಂದ್ರಿ. ಪಾದ ಅಂತ ನೀವು ಹೇಳ್ಲೇ ಇಲ್ಲ." ಅವನ ಕಣ್ಣಲ್ಲಿ ನೀರಿತ್ತು. ಎರ್ಮೆಕ್‌ನ ಭುಜದ ಮೂಳೆ ಕೂಡಿಸಿದ ಕೈ ಅದು, ಒಂದು ಗೆರೆಯೂ ತಪ್ಪಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಅವನು ಓದಿಲ್ಲ. ನಾನು ಓದಿದ್ದೇನೆ.

ಬರೆದುಬಿಡುತ್ತೇನೆ. ಸೆಪ್ಟೆಂಬರಿನಲ್ಲಿ ನಾವು ಉಣ್ಣೆಹಾಸು ಮಾಡಿದೆವು. ಬಿಸಿನೀರು ಕುಡಿದ ಉಣ್ಣೆಯ ಸುರುಳಿಯ ಮೇಲೆ ಮಂಡಿಯೂರಿ ಮೊಣಕೈಯಿಂದ ಒತ್ತುವ ಕೆಲಸ, ಮೂರು ದಿನ. ನೀನು ಎರಡನೇ ದಿನವೇ ಕಾಲಿಗೆ ಬೆಂಕಿ ಇಟ್ಟ ಹಾಗೆ ಆಗುತ್ತಿದೆ ಅಂದೆ. "ನಾವೂ ಒತ್ತಿದೀವಮ್ಮ," ಅಂದೆ ನಾನು. ಅಕ್ಟೋಬರಿನಲ್ಲಿ ನೀನು ನಿದ್ದೆಯಿಲ್ಲದೆ ಕೂಗತೊಡಗಿದಾಗ ಮಂಬೆತ್‌ನನ್ನು ಕರೆಸಿದೆ. ಕುರಿ ಕೊಯ್ದು, ಬಿಸಿ ಆರದ ತೊಗಲಿನಲ್ಲಿ ನಿನ್ನನ್ನು ಸೊಂಟದಿಂದ ಕೆಳಗೆ ಸುತ್ತಿ ಒಂದು ರಾತ್ರಿ ಮಲಗಿಸಿದೆವು. ನಾಲ್ಕು ದಿನಕ್ಕೆ ನೋವು ಹೋಯಿತು. ನಾನು ಊರಿಗೆಲ್ಲ ಮಾಂಸ ಹಂಚಿದೆ. ನಮ್ಮ ಸೊಸೆಗೆ ವಾಸಿಯಾಯಿತು ಎಂದು ಮನೆಮನೆಗೆ ಹೋಗಿ ಹೇಳಿದೆ. ಆ ವಾರವೇ ನೀನು ಹಾಲು ಕಾಯಿಸುತ್ತ, "ಅತ್ತೆ, ನೋವಿಲ್ಲ, ಆದ್ರೆ ಪಾದಾನೂ ಇಲ್ಲ," ಅಂದೆ. "ಶೀತ ಇಳೀತಿದೆ," ಅಂದೆ ನಾನು.

ಅದೇ ವಾರ ಶಾಲೆಯಲ್ಲಿ ನಾನು ಕಪ್ಪು ಹಲಗೆಯ ಮೇಲೆ ನರದ ಚಿತ್ರ ಬರೆದಿದ್ದೆ. ನೋವು ನಿಲ್ಲುವುದು ಎರಡು ಕಾರಣಕ್ಕೆ: ನರ ಗುಣವಾದಾಗ, ಇಲ್ಲವೇ ಸತ್ತಾಗ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಮಗಳೇ. ಆದರೆ ಮಾಂಸ ಹಂಚಿಯಾಗಿತ್ತು. ಹಂಚಿದ ಮೇಲೆ ಮತ್ತೆ ನಲವತ್ತು ಮನೆಗೆ ಹೋಗಿ ವಾಸಿಯಾಗಲಿಲ್ಲ ಎನ್ನುವುದು ಹೇಗೆ? ಅಷ್ಟು ಸಣ್ಣ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇರಬಹುದೇನೋ ಎಂದು ಎಂಟು ತಿಂಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಮಾರ್ಚಿನಲ್ಲಿ ಡಾಕ್ಟರ ಮುಂದೆ ಎರಡು ವಾರ ಅಂದದ್ದೂ ಅದೇ ನಾಚಿಕೆಯಿಂದ.

ಈ ಲಕೋಟೆಯೊಳಗೆ ಇನ್ನೊಂದು ಲಕೋಟೆ ಇದೆ, ಡಾಕ್ಟರಿಗೆ. ಸರಿಯಾದ ತಿಂಗಳು ಬರೆದಿದ್ದೇನೆ. ದಯವಿಟ್ಟು ಕೊಡು. ನಿಜ ತಿಳಿದ ಮೇಲೆ ಅವರು ಏನು ಹೇಳುತ್ತಾರೋ ಅದನ್ನು ಕೇಳುವುದು ನಿನ್ನ ಹಕ್ಕು.

ಫೋಟೋ ಇಟ್ಟಿದ್ದೇನೆ. ಹಲ್ಲು ಬಿದ್ದ ಜಾಗ ಕಾಣಲಿ ಎಂದು ಅವಳೇ ತುಟಿ ಎಳೆದು ಹಿಡಿದುಕೊಂಡಿದ್ದಾಳೆ.

ಶಾರ್‌ಕಾನ್


ಮೇಲಿನ ಹುಲ್ಲುಗಾವಲು
ಆಗಸ್ಟ್ 9

ಬೆಗಿಮಾಯ್,

ನಾನು ಬರೆದು ಐದು ವಾರವಾಯಿತು, ನಿನ್ನ ಪತ್ರವಿಲ್ಲ. ಸಾಗಿನ್ ಎರಡು ಸಲ ಬಂದು ಹೋದ. "ಕೊಟ್ಟೆ ಟೀಚರಮ್ಮ, ಕೈಗೇ ಕೊಟ್ಟೆ. ಓದಿದ್ರು. ವಾಪಸ್ ಏನಾದ್ರೂ ಇದ್ಯಾ ಅಂದೆ. ಇಲ್ಲ ಅಂದ್ರು," ಎಂದ. ಅವನು ತಮಾಷೆ ಮಾಡಲಿಲ್ಲ.

ಎರ್ಮೆಕ್ ಹದಿನೈದರಂದು ನಗರಕ್ಕೆ ಬರುತ್ತಾನೆ. ನಾನು ಕಳಿಸಿದ್ದಲ್ಲ, ಅವನೇ ಹೊರಟದ್ದು. ನೀನು ನನಗೆ ಬರೆಯದಿದ್ದರೂ ಪರವಾಗಿಲ್ಲ. ಅವನಿಗಾದರೂ ಹೇಳು, ಹಿಮ್ಮಡಿಯ ಗಾಯ ಮಾಯ್ದಿದೆಯೇ ಎಂದು.

ನೂರ ಒಂಬತ್ತು.

ಶಾರ್‌ಕಾನ್


ಬಿಷ್ಕೆಕ್
ಆಗಸ್ಟ್ 28

ಅತ್ತೆಯವರಿಗೆ,

ನೀವು ಡಾಕ್ಟರಿಗೆ ಬರೆದ ಪತ್ರವನ್ನು ನಾನು ಕೊಡಲಿಲ್ಲ. ಅದು ನನ್ನ ದಿಂಬಿನ ಕೆಳಗಿದೆ.

ಅವರಿಗೆ ಮಾರ್ಚಿನಲ್ಲೇ ಗೊತ್ತಿತ್ತು. ನೀವು ಎರಡು ವಾರ ಅಂದ ಮಾರನೇ ಬೆಳಿಗ್ಗೆ, ನೀವು ಚಹಾ ತರಲು ಕೆಳಗೆ ಹೋಗಿದ್ದಾಗ, ಅವರು ಮತ್ತೆ ಬಂದು ನನ್ನ ಮೊಣಕಾಲಿನ ಕೆಳಗೆ ಮುಟ್ಟಿ ನೋಡಿದರು. "ಈ ಮಾಂಸ ಎರಡು ವಾರಕ್ಕೆ ಇಷ್ಟು ಸಣ್ಣ ಆಗಲ್ಲಮ್ಮ," ಅಂದರು. ಅಕ್ಟೋಬರ್ ಅಂದೆ. ಅವರು ನನ್ನ ಹಾಸಿಗೆಯ ಮೇಲೆ ಕೂತರು, ಡಾಕ್ಟರುಗಳು ಹಾಗೆ ಕೂರುವುದಿಲ್ಲ. ನೋವು ಹೋದ ದಿನವೇ ನರ ಕೈಬಿಟ್ಟಿದೆ, ಇಷ್ಟು ತಡವಾದ ಮೇಲೆ ಪಾದ ವಾಪಸ್ ಬರುವುದು ಬಹಳ ಅಪರೂಪ ಎಂದು ಹೇಳಿದರು. "ನಾಳೆ ನಾನು ಮಾಡೋ ಆಪರೇಷನ್ ಈ ಪಾದಕ್ಕಲ್ಲ, ಇನ್ನೊಂದಕ್ಕೆ," ಅಂದರು. ಆ ಮಣಿ ಇನ್ನೂ ಜಾರಿದರೆ ಬಲಗಾಲೂ ಹೋಗುತ್ತಿತ್ತು. ಮೂತ್ರದ ಹತೋಟಿಯೂ ತಪ್ಪಬಹುದಿತ್ತು. ಅದನ್ನು ನಿಲ್ಲಿಸಿದ್ದಾರೆ. ಅಷ್ಟು ಆಗಿದೆ.

ದಿನಕ್ಕೊಂದು ಮಿಲಿಮೀಟರ್ ಎಂದು ಅವರು ಹೇಳಿದ್ದು ನನಗಲ್ಲ, ಪಕ್ಕದ ಹಾಸಿಗೆಗೆ. ಕ್ಲಾವ್ದಿಯಾ ಅಜ್ಜಿಯ ಪಾದ ಹೋಗಿ ನಿಜವಾಗಿಯೂ ಎರಡೇ ವಾರವಾಗಿತ್ತು. ಜೂನಿನಲ್ಲಿ ಅಲ್ಲಾಡಿದ ಹೆಬ್ಬೆರಳೂ ಅವರದೇ. ನನಗೆ ತೋರಿಸಬೇಕೆಂದು ಅವರು ಎರಡು ಬಸ್ ಬದಲಾಯಿಸಿ ದೊಡ್ಡಮ್ಮನ ಮನೆಗೆ ಬಂದಿದ್ದರು. "ನೋಡೇ, ನೋಡೇ, ಸಲಾಮ್ ಹೊಡೀತಿದೆ," ಎಂದು ಕಾಲುಚೀಲ ಬಿಚ್ಚಿ ತೋರಿಸಿದರು. ನಾನು ಚಪ್ಪಾಳೆ ತಟ್ಟಿದೆ.

ನಿಮಗೆ ಏಕೆ ಸುಳ್ಳು ಬರೆದೆ ಎಂದು ಈ ಎಂಟು ವಾರ ಯೋಚಿಸಿದೆ. ನೀವು ಎದೆ ಒಡೆದುಕೊಂಡರೆ ತುಮಾರಳನ್ನು ನೋಡುವವರು ಯಾರು ಎಂದು ಶುರುವಾಯಿತು. ಆ ಕಾರಣವನ್ನಷ್ಟೇ ಬರೆದು ಮುಗಿಸಬಹುದಿತ್ತು, ನೀವು ನನ್ನನ್ನು ಒಳ್ಳೆಯವಳು ಎನ್ನುತ್ತಿದ್ದಿರಿ. ಆದರೆ ನೀವು ನಿಮ್ಮದನ್ನು ಪೂರ್ತಿ ಬರೆದಿರಿ, ನಾನೂ ಬರೆಯುತ್ತೇನೆ. ಮೇ ತಿಂಗಳಲ್ಲಿ ಮಗ್ಗದ ವಿಷಯ ಓದಿದ ಮೇಲೆ ನಾನು ಸುಳ್ಳನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನೀವು ಎಣಿಸುತ್ತಿರಲಿ ಅನ್ನಿಸಿತು. ನಾನು ಐದು ತಿಂಗಳು ಪಾದ ಇಲ್ಲ ಇಲ್ಲ ಅಂದಾಗ ಯಾರೂ ಎಣಿಸಿರಲಿಲ್ಲ.

ನಿಮ್ಮ ಮೇಲೆ ದ್ವೇಷವಿಲ್ಲ. ಇದ್ದರೆ ಸುಲಭವಾಗಿತ್ತು. ಬಾಣಂತನದಲ್ಲಿ ನಲವತ್ತು ದಿನ ನನ್ನನ್ನು ನೀರು ಮುಟ್ಟಲು ಬಿಡದೆ ನೋಡಿಕೊಂಡವರೂ ನೀವೇ.

ಅತ್ತೆ, ನಾನು ಕೋಕ್‌ಜಾರ್‌ಗೆ ವಾಪಸ್ ಬರುವುದಿಲ್ಲ. ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತಿದೆ, ಡಾಕ್ಟರಿಗೆ ಸಂತೋಷವಿದೆ. ಆದರೆ ಹೊಳೆಯಿಂದ ನೀರು ಹೊರುವ ಹಾಗಿಲ್ಲ, ಕುದುರೆ ಹತ್ತುವ ಹಾಗಿಲ್ಲ, ಉಣ್ಣೆ ಒತ್ತುವ ಹಾಗಿಲ್ಲ, ತುಮಾರಳನ್ನು ಎತ್ತಿಕೊಳ್ಳುವ ಹಾಗಿಲ್ಲ. ಹೊಸ ಸೊಸೆಯಾಗಿ ಬಂದಾಗ ನಲವತ್ತು ಮನೆಯ ಬಾಗಿಲಲ್ಲಿ ಮೂರು ಮೂರು ಸಲ ಬಗ್ಗಿ ಸಲಾಮ್ ಮಾಡಿದ್ದೆ. ಈಗಲೂ ಹಿರಿಯರು ಕಂಡರೆ ನನ್ನ ಬೆನ್ನು ಬಗ್ಗಲು ಹೊರಡುತ್ತದೆ, ಒಳಗಿನ ಕಬ್ಬಿಣ ಬಿಡುವುದಿಲ್ಲ. ಅಲ್ಲಿ ನಾನು ಎಲ್ಲರ ಎದುರು ನೆಟ್ಟಗೆ ನಿಂತುಕೊಂಡೇ ಇರಬೇಕಾಗುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಅನ್ನದೇ ಇರುವುದನ್ನು ದಿನಾ ಕೇಳಿಸಿಕೊಳ್ಳಲಾರೆ.

ಇಲ್ಲಿ ಹತ್ತಿರದ ಔಷಧಿ ಅಂಗಡಿಯಲ್ಲಿ ನಿಂತು ಮಾಡುವ ಕೆಲಸ ಸಿಕ್ಕಿದೆ, ಅರ್ಧ ದಿನ. ಎರ್ಮೆಕ್ ಜೊತೆ ಮಾತಾಡಿದೆ. ಚಳಿಗಾಲಕ್ಕೆ ಕುದುರೆಗಳನ್ನು ಒಡಹುಟ್ಟಿದ ಅಣ್ಣನಿಗೆ ಒಪ್ಪಿಸಿ ಬರುತ್ತೇನೆ ಅಂದರು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ತುಮಾರಳನ್ನು ಸೆಪ್ಟೆಂಬರ್ ಮಧ್ಯದಲ್ಲಿ ಕರೆತಂದು ಬಿಡುತ್ತಾರೆ.

ನಿಮ್ಮ ಅಪ್ಪಣೆ ಕೇಳಿ ಬರೆಯುತ್ತಿಲ್ಲ. ನಿಮಗೆ ನಾನೇ ಹೇಳಬೇಕು ಎಂದು ಬರೆಯುತ್ತಿದ್ದೇನೆ.

ಬೆಗಿಮಾಯ್


ಕೋಕ್‌ಜಾರ್
ಸೆಪ್ಟೆಂಬರ್ 12

ಮಗಳೇ ಬೆಗಿಮಾಯ್,

ನಿನ್ನ ಪತ್ರ ಒಂದನೇ ತಾರೀಖು ಬಂತು, ಶಾಲೆ ಶುರುವಾದ ದಿನ. ಅವತ್ತಿನ ಹೊಕ್ಕು ಬೆಳಿಗ್ಗೆಯೇ ಆಗಿತ್ತು. ನೂರ ಮೂವತ್ತೆರಡು. ಮರುದಿನ ಬೆಳಿಗ್ಗೆ ಹಸು ಕರೆದು ಅಭ್ಯಾಸದಂತೆ ಮಗ್ಗದ ಮುಂದೆ ಹೋಗಿ ಕೂತೆ. ಕೈಯಲ್ಲಿ ನೂಲಿತ್ತು. ಏನು ಮಾಡುವುದೋ ತಿಳಿಯಲಿಲ್ಲ.

ನೀನು ಬರೆದದ್ದರಲ್ಲಿ ಒಂದು ಮಾತೂ ಹೆಚ್ಚಾಗಿಲ್ಲ. ನಾನು ಎಣಿಸಬೇಕಿತ್ತು, ಎಣಿಸಿದೆ. ಸುಳ್ಳು ಎಣಿಕೆಯಾದರೂ ಪ್ರತಿ ಬೆಳಿಗ್ಗೆ ನಿನ್ನ ಪಾದದ ನೆನಪಾಯಿತು. ಅಕ್ಟೋಬರಿನಲ್ಲೇ ಹಾಗೆ ಒಂದೇ ಒಂದು ಬೆಳಿಗ್ಗೆ ಕೂತಿದ್ದರೆ ಸಾಕಿತ್ತು.

ಬರಬೇಡ ಎಂದಾಗಲಿ ಬಾ ಎಂದಾಗಲಿ ನಾನು ಹೇಳುವುದಿಲ್ಲ. ಜೂರಾಕಾನ್‌ಗೆ ವಿಷಯ ತಿಳಿದು ಬೇಲಿಯ ಹತ್ತಿರ ಬಂದಳು. "ಮೊಮ್ಮಗಳನ್ನೂ ಕಳಿಸ್ತಿದೀಯಂತೆ? ನಿನಗೇನು ಹುಚ್ಚೇ? ಹಿಡ್ಕೋ. ಮಗು ಇಲ್ಲಿದ್ರೆ ತಾಯಿ ತಾನೇ ಬರ್ತಾಳೆ," ಅಂದಳು. ಅವಳು ಕೆಟ್ಟವಳಲ್ಲ, ಅವಳಿಗೆ ಗೊತ್ತಿರುವ ದಾರಿ ಅದು. ನನಗೂ ಒಂದು ಕ್ಷಣ ಆ ದಾರಿ ಕಂಡಿತು. ಮಾಂಸ ತೆಗೆದುಕೊಂಡಿದ್ದ ನಲವತ್ತು ಮನೆಗೂ ಈ ವಾರ ಹೋಗಿ ಬಂದೆ. ನಮ್ಮ ಸೊಸೆಗೆ ಆವತ್ತು ವಾಸಿಯಾಗಿರಲಿಲ್ಲ, ನಾನು ತಪ್ಪು ಹೇಳಿದ್ದೆ ಎಂದೆ. ಕೆಲವರು ಚಹಾ ಕೊಟ್ಟರು. ಕೆಲವರಿಗೆ ಯಾವ ಮಾಂಸ ಎಂದೇ ನೆನಪಿರಲಿಲ್ಲ. ಅದಕ್ಕಾಗಿ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಎರ್ಮೆಕ್ ನಾಡಿದ್ದು ಹೊರಡುತ್ತಾನೆ. ತುಮಾರಳ ಚಳಿಯ ಬಟ್ಟೆ, ಬಿದ್ದ ಹಲ್ಲು, ಅವಳು ಬಿಡದ ಹಳೆಯ ದಿಂಬು, ಎಲ್ಲ ಕಟ್ಟಿದ್ದೇನೆ. "ಅಜ್ಜಿ, ನೀನು ಯಾವಾಗ ಬರ್ತೀಯ?" ಎಂದು ಕೇಳಿದಳು. ಅಮ್ಮ ಕರೆದಾಗ ಅಂದೆ. ನೀನು ಇದಕ್ಕೆ ಉತ್ತರ ಬರೆಯಬೇಕಿಲ್ಲ.

ಗಂಟಿನಲ್ಲಿ ಒಂದು ಪಟ್ಟಿ ಇದೆ. ನಿಮ್ಮ ಕ್ಲಾವ್ದಿಯಾ ಅಜ್ಜಿ ಕಟ್ಟಿಕೊಳ್ಳುವ ಹಾಗೆ ಶೂ ದಾರದಿಂದ ಮಂಡಿಯ ಕೆಳಗಿನವರೆಗೆ ಬರುವಷ್ಟು ಉದ್ದ. ಅದರ ಮೊದಲ ಹದಿಮೂರು ಸೆಂಟಿಮೀಟರ್ ನೋಡಿದರೆ ನಿನಗೆ ತಿಳಿಯುತ್ತದೆ. ಏರುಪೇರಾಗಿದೆ, ಕೆಲವು ಹೊಕ್ಕು ಬಿಗಿ, ಕೆಲವು ಸಡಿಲ. ದಿನ ದಿನದ ಕೈ ಬೇರೆ ಬೇರೆ. ಬಿಚ್ಚಿ ಹೊಸದಾಗಿ ನೇಯೋಣವೆಂದುಕೊಂಡೆ, ಮನಸ್ಸಾಗಲಿಲ್ಲ. ಉಳಿದ ಉದ್ದವನ್ನು ಒಂದೇ ಮಧ್ಯಾಹ್ನ ಕೂತು ನೇಯ್ದೆ, ಅದು ಸಮನಾಗಿದೆ. ಪಾದ ಎಚ್ಚರವಾಗಲಿ ಎಂದು ನೇಯ್ದದ್ದು ಒಂದು ತುದಿ, ಆಗುವುದಿಲ್ಲ ಎಂದು ತಿಳಿದು ನೇಯ್ದದ್ದು ಇನ್ನೊಂದು. ಸಮನಾದ ತುದಿ ಮೇಲೆ ಬರಲಿ, ಮಂಡಿಯ ಕೆಳಗೆ ಚರ್ಮ ಉಜ್ಜುವುದಿಲ್ಲ. ಏರುಪೇರಿನದು ಶೂ ಕಡೆಗೆ ಇರಲಿ.

ಕಟ್ಟಲು ನೀನು ಬಗ್ಗಬೇಡ. ಕುರ್ಚಿಯ ಮೇಲೆ ನೆಟ್ಟಗೆ ಕೂತು ಕಾಲು ಮುಂದೆ ಚಾಚು. ತುಮಾರ್ ಕಟ್ಟುತ್ತಾಳೆ. ಈ ಹತ್ತು ದಿನ ನನ್ನ ಕಾಲಿಗೆ ಕಟ್ಟಿಸಿ ಕಲಿಸಿದ್ದೇನೆ. ಗಂಟು ಗಟ್ಟಿಯಾಗಿ ಹಾಕುತ್ತಾಳೆ, ಆದರೆ ಸ್ವಲ್ಪ ಬಿಗಿ. ನಿನಗೆ ಬಿಗಿ ತಿಳಿಯುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ. ಅದಕ್ಕೇ ಕಟ್ಟಿದ ಮೇಲೆ ಪಟ್ಟಿಯ ಕೆಳಗೆ ತನ್ನ ಬೆರಳೊಂದು ಹೋಗುತ್ತದೆಯೇ ಎಂದು ನೋಡುತ್ತಾಳೆ. ಹೋಗದಿದ್ದರೆ ಬಿಚ್ಚಿ ಮತ್ತೆ ಕಟ್ಟುತ್ತಾಳೆ. ಎಷ್ಟು ಹೊತ್ತಾದರೂ ಅವಸರ ಮಾಡಬೇಡ.

ಶಾರ್‌ಕಾನ್